ಲೆಕ್ಕ ಕೆಡಿಸಿದ ಹಟ್ಟಿ

ಮೇಗನ್ ವೇಲ್ಸ್ ದೇಶದವಳು. ಅಲ್ಲಿ ಅವಳ ತಾತನಿಗೆ ಕುರಿಗಳಿದ್ದವು. ಸಂಜೆ ಗೇಟಿನ ಪಕ್ಕ ನಿಂತು, ಬೆರಳಿಟ್ಟು ಒಂದೊಂದನ್ನೇ ಎಣಿಸಿ ಒಳಗೆ ಬಿಡುತ್ತಿದ್ದ. ಎಣಿಸದೆ ಮಲಗುವವನಿಗೆ ಕುರಿಗಳ ಮೇಲೆ ಪ್ರೀತಿಯೇ ಇಲ್ಲ ಎನ್ನುವುದು ಆ ಮುದುಕನ ವಾದ. ಸಂಬಳವಿಲ್ಲದೆ ಮಕ್ಕಳಿಗೆ ಪಾಠ ಹೇಳುತ್ತೇನೆಂದು ಸಮುದ್ರ ದಾಟಿ ಬಂದ ಮೊಮ್ಮಗಳಿಗೆ ತೆಲಂಗಾಣದ ಗಡಿಯಲ್ಲಿ ಮಕ್ತಲ್ ಹತ್ತಿರದ ಕುರುಬರ ಹಟ್ಟಿಯೇ ಸಿಕ್ಕಾಗ, ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

ಬರುವ ಮೊದಲು ರಾಯಚೂರಿನಲ್ಲಿ ಕೆಲವು ತಿಂಗಳು ಕೂತು ಕನ್ನಡ ಕಲಿತಿದ್ದಳು. ಹಟ್ಟಿಯ ಮಕ್ಕಳೋ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುವವರು. ಅವಳು ನಡುವೆ ಎಲ್ಲೋ ಹತ್ತಿಕೊಂಡು, ಮುಗಿಯುವ ಮೊದಲೇ ಉದುರಿಹೋಗುತ್ತಿದ್ದಳು. ಹೆಂಗಸರು ಅವಳಿಗೆ ನಾರಾಯಣಪೇಟೆ ಸೀರೆ ಉಡಿಸಿ, ಮೇಗಮ್ಮ ಎಂದು ಹೆಸರಿಟ್ಟು, ಅತ್ತಿಂದಿತ್ತ ನಡೆಸಿ ನೋಡಿ ಹೊಟ್ಟೆ ಹಿಡಿದು ನಕ್ಕರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮೇಗಮ್ಮನೂ ಜೊತೆಗೆ ನಕ್ಕಳು.

ಅವಳಿಗೆ ಇದ್ದದ್ದು ಒಂದೇ ಚಿಂತೆ. ಅವಳನ್ನು ಕಳಿಸಿದ ಸಂಸ್ಥೆಯ ಪ್ರವೀಣ್ ಕುಮಾರ್ ಗದ್ವಾಲದಿಂದ ಸೋಮವಾರ ಬರುವವನಿದ್ದ. ಹಾಜರಿಯಲ್ಲಿ ಮೂವತ್ತು ಮಕ್ಕಳಿಲ್ಲದಿದ್ದರೆ ಪಾಠದ ಕೇಂದ್ರ ಮುಚ್ಚಿ, ಮೇಗಮ್ಮನನ್ನು ಹೈದರಾಬಾದಿನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರಿಸುವುದು ಸಂಸ್ಥೆಯ ಕಾಯಿದೆ. ಈ ಹಟ್ಟಿ ಬಿಟ್ಟು ಹೋಗುವುದು ಅವಳಿಗೆ ಬೇಡವಾಗಿತ್ತು.

ಆದ್ದರಿಂದ ಮಕ್ಕಳು ಓಡೋಡಿ ಬರುವಂಥ ಪಾಠ ಹುಡುಕಿದಳು. ನಿಮ್ಮ ನಿಮ್ಮ ದೊಡ್ಡಿಯಲ್ಲಿ ಕುರಿ ಎಷ್ಟು, ಮರಿ ಎಷ್ಟು ಎಣಿಸಿಕೊಂಡು ಬನ್ನಿ, ನಾಳೆ ಕೂಡಿಸಿ ಕಳೆಯೋಣ ಎಂದಳು. ಮಕ್ಕಳು ಬಾಯಿ ತೆರೆದು ನಿಂತರು. ಟೀಚರಮ್ಮನ ಮಾತೆಂದರೆ ವೇದವಾಕ್ಯ ಎನ್ನುವ ತ್ರಿವೇಣಿ ಮೊದಲು ಓಡಿದಳು, ಉಳಿದವರು ಹಿಂದೆ. ಅಂದು ಸಂಜೆ ದೊಡ್ಡಿ ದೊಡ್ಡಿಯಲ್ಲೂ ಬೆರಳು ಚಾಚಿ, ಗಂಟಲು ಹರಿಯುವ ಹಾಗೆ ಎಣಿಕೆ ನಡೆಯಿತು.

ಮರುದಿನ ಕೇಂದ್ರಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ.

ಕಾದು ಸಾಕಾಗಿ ಮೇಗಮ್ಮ ತ್ರಿವೇಣಿಯ ಮನೆಗೆ ಹೋದಳು. ಅಂಗಳದಲ್ಲಿ ಮರಿಯೊಂದು ಹೊಟ್ಟೆ ಉಬ್ಬಿ ಮಲಗಿತ್ತು. ತ್ರಿವೇಣಿಯ ಅಜ್ಜ ಕಿಷ್ಟಪ್ಪ, ಹಟ್ಟಿಗೆಲ್ಲ ಹಿರಿಯ, ಬೀರಪ್ಪ ದೇವರ ಪೂಜಾರಿ, ಮುಖ ಗಂಟಿಕ್ಕಿ ಕೂತಿದ್ದ. ಎಣಿಸಿದ್ದಕ್ಕೇ ಕಣ್ಣು ತಾಗಿದೆ, ಇನ್ನು ಮಕ್ಕಳನ್ನು ನಿನ್ನ ಹತ್ತಿರ ಹೇಗೆ ಕಳಿಸುವುದು ಎಂದು ಕೇಳಿದ. ಆಮೇಲೆ ಸ್ವಲ್ಪ ಮೆತ್ತಗಾಗಿ ಹೇಳಿದ:

"ಯಾವುದರ ಮ್ಯಾಲೆ ಜೀವ ಐತೋ, ಅದನ್ನ ಎಣಸಬಾರ್ದವ್ವ. ಕುರಿನೂ ಅಷ್ಟೇ, ಕೂಸೂ ಅಷ್ಟೇ."

ಮೇಗಮ್ಮನಿಗೆ ನಾಚಿಕೆಯಾಯಿತು. ಪ್ರೀತಿಗೇ ತಾತ ಎಣಿಸುತ್ತಿದ್ದ, ಪ್ರೀತಿಗೇ ಇವರು ಎಣಿಸುವುದಿಲ್ಲ. ಇದಕ್ಕೆ ಏನು ಪರಿಹಾರ ಎಂದು ಕೇಳಿದಳು. ಕಿಷ್ಟಪ್ಪನ ಹೆಂಡತಿ ಸತ್ಯಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು: ಲೆಕ್ಕ ಕೆಡಿಸಬೇಕು. ಎಣಿಸಿದ್ದು ಸುಳ್ಳಾದರೆ ಕಣ್ಣಿಗೆ ಎಲ್ಲಿ ಕೂರಬೇಕೆಂದು ತಿಳಿಯುವುದಿಲ್ಲ. ಎಣಿಸಿದ ದೊಡ್ಡಿಯಿಂದ ಒಂದೊಂದು ಮರಿ ಹೊರಗೆ ಹೋಗಬೇಕು. ಎಲ್ಲಿಗೆ? ಎಣಿಸಲು ಹೇಳಿದವಳ ಹತ್ತಿರಕ್ಕೆ. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ.

ಬೆಳಗಾಗುವುದೇ ತಡ, ಮನೆಮನೆಯಿಂದ ಮರಿಗಳು ಕೇಂದ್ರಕ್ಕೆ ಬಂದವು. ಒಂದು ಅಕ್ಷರಮಾಲೆಯ ಪಟವನ್ನು ಅರ್ಧ ತಿಂದಿತು. ಇನ್ನೊಂದು ಮೇಜು ಹತ್ತಿ ಹಿಕ್ಕೆ ಹಾಕಿತು. ಮೂರನೆಯದು ನಾರಾಯಣಪೇಟೆ ಸೆರಗನ್ನು ಬಾಯಲ್ಲಿ ಹಿಡಿದು ಬಿಡಲೊಲ್ಲದು. ಮೇಗಮ್ಮ ಒಂದನ್ನು ಹಿಡಿದರೆ ನಾಲ್ಕು ಜಾರುತ್ತಿದ್ದವು. ಮರಿ ಎತ್ತಲೂ ಬಾರದವಳ ಕೈಯಲ್ಲಿ ತಮ್ಮ ಮರಿ ಬಿಟ್ಟು ಯಾವ ಮಗು ಮನೆಯಲ್ಲಿ ಕೂತೀತು? ಹಿಂದೆಯೇ ಮಕ್ಕಳೆಲ್ಲ ಬಂದರು, ಕೋಣೆ ತುಂಬಿ ಜಗಲಿಗೆ ಚೆಲ್ಲಿತು. ಹೊಟ್ಟೆ ಉಬ್ಬಿದ್ದ ಮರಿಯೂ ಎದ್ದು ಕುಣಿಯಿತು. ಸತ್ಯಮ್ಮ ಅದಕ್ಕೆ ಓಮದ ನೀರು ಕುಡಿಸಿದ್ದಳು, ಆದರೆ ಹೆಸರು ಬಂದದ್ದು ಕೆಡಿಸಿದ ಲೆಕ್ಕಕ್ಕೆ.

ಸೋಮವಾರ ಪ್ರವೀಣ್ ಕುಮಾರ್ ಬೈಕಿನಲ್ಲಿ ಬಂದಿಳಿದ. ಮಕ್ಕಳನ್ನು ಸಾಲಾಗಿ ಕೂರಿಸಿ, ಬೆರಳೆತ್ತಿ, ಒಂದು, ಎರಡು ಎಂದು ಶುರು ಮಾಡಿಯೇಬಿಟ್ಟ. ಎಣಿಸಲು ಬಿಟ್ಟರೆ ಹಟ್ಟಿಯ ನಂಬಿಕೆ ಹೋಗುತ್ತದೆ, ತಡೆದರೆ ಕೇಂದ್ರವೇ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳು ಹೋಗಿ ಬೆರಳಿಗೆ ಅಡ್ಡ ನಿಂತಳು.

"ಇವರನ್ನ ಎಣಸಬ್ಯಾಡ್ರಿ ಸರ್."

"ಎಣಸದಿದ್ರ ಕೇಂದ್ರ ಬಂದ್ ಆಗತೈತ್ರಿ ಮೇಡಂ."

"ಆಗಲ್ರಿ. ಆದ್ರೂ ಬ್ಯಾಡ."

ಬಾಗಿಲಲ್ಲಿ ನಿಂತಿದ್ದ ಕಿಷ್ಟಪ್ಪ ಇದನ್ನು ಕೇಳಿದ. ಒಳಗೆ ಬಂದು, ಮಕ್ಕಳ ಸಾಲಿನ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವನ ಪಕ್ಕ ಸತ್ಯಮ್ಮ. ಆಮೇಲೆ ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು, ಕಂಬಳಿ ಹೊದ್ದ ಗಂಡಸರು, ಅವರ ನಡುವೆ ನುಗ್ಗುವ ಮರಿಗಳು. ಪ್ರವೀಣ್ ಕುಮಾರ್ ಮೇಗಮ್ಮನನ್ನು ದಾಟಿ ಮೊದಲಿಂದ ಶುರು ಮಾಡಿದ. ಅವನು ಈ ತುದಿ ಮುಗಿಸುವುದರೊಳಗೆ ಆ ತುದಿ ಬೆಳೆದಿರುತ್ತಿತ್ತು. ಮತ್ತೆ ಎಣಿಸಿದ. ಮಕ್ಕಳು ಜಾಗ ಬದಲಿಸಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕೊನೆಗೆ ಮರಿಯೊಂದಕ್ಕೆ ಇಪ್ಪತ್ತೊಂಬತ್ತು ಎಂದುಬಿಟ್ಟಾಗ ಅವನಿಗೇ ನಗು ತಡೆಯಲಾಗಲಿಲ್ಲ. ಮೂವತ್ತಕ್ಕೆ ಕೊರತೆಯಿಲ್ಲ, ಕಣ್ಣಿಗೇ ಕಾಣುತ್ತದೆ ಎಂದು ಒಪ್ಪಿಕೊಂಡು, ಕೇಂದ್ರ ನಡೆಯಲಿ ಎಂದ.

ಮೇಗಮ್ಮ ಇನ್ನೂ ಸಾಲಿನ ಹೊರಗೆ, ಗೋಡೆಗೆ ಒರಗಿ ನಿಂತಿದ್ದಳು. ಸತ್ಯಮ್ಮ ಅವಳ ಸೆರಗು ಜಗ್ಗಿ, ತನಗೂ ತ್ರಿವೇಣಿಗೂ ನಡುವೆ ಜಾಗ ಮಾಡಿದಳು.

"ನೀ ಯಾಕ ಹೊರಗ ನಿಂತೀ? ಬಾ, ಕುಂದ್ರು. ನಿನ್ನೂ ಎಣಸಬಾರ್ದು."