ಆಚೆ ತುದಿಯಲ್ಲಿ ಅರ್ವಿಡ್

ಗುನ್ವೋರಳ ಗಂಡ ಅರ್ವಿಡ್ ಖಾಲಿ ರಸ್ತೆಯಲ್ಲೂ ಹಸಿರು ದೀಪಕ್ಕೆ ಕಾಯುವ ಪೈಕಿ. ಫೆಬ್ರವರಿಯ ಗಾಳಿ ಮೂಗು ಕಿತ್ತುಕೊಂಡು ಹೋಗುವಂತೆ ಬೀಸುತ್ತಿದ್ದರೂ, ವಾಹನದ ಸುಳಿವೇ ಇಲ್ಲದಿದ್ದರೂ ನಿಂತೇ ಇರುತ್ತಾನೆ. "ದಾಟೋ ಮಾರಾಯ, ಯಾರು ನೋಡ್ತಾರೆ?" ಎಂದರೆ, "ನಾನು ನೋಡ್ತಿದ್ದೀನಲ್ಲ" ಎನ್ನುತ್ತಾನೆ. ಸುಂಡ್ಸ್‌ವಾಲ್ ಊರಿನಲ್ಲಿ ಬಸ್ಸು ಓಡಿಸಿಯೇ ಕೂದಲು ಬೆಳ್ಳಗಾದವನು. ನಿವೃತ್ತನಾದ ಮೇಲೂ ಅವನೊಳಗಿನ ಡ್ರೈವರು ಸ್ಟೇರಿಂಗ್ ಬಿಟ್ಟಿರಲಿಲ್ಲ.

ಗುನ್ವೋರಳದು ಬೇರೆಯೇ ಜಾಯಮಾನ. ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿಯಾಗಿದ್ದವಳು ಕೆಲಸ ಬಿಟ್ಟ ಮರುವಾರವೇ ಈಜಿನ ಕ್ಲಬ್ಬಿಗೆ ಸೇರಿದಳು. ಎರಡು ವರ್ಷ ಕಳೆಯುವುದರೊಳಗೆ ದೊಡ್ಡವರ ಸ್ಪರ್ಧೆಗಳಿಗೆ ಹೋಗತೊಡಗಿದಳು. ಅಲ್ಲಿ ಅವರವರ ವಯಸ್ಸಿನವರ ಜತೆ ಅವರವರು ಈಜುವುದು. ಮೊದಮೊದಲು ಅರ್ವಿಡ್ ಗ್ಯಾಲರಿಯ ಸೆಕೆಯಲ್ಲಿ ಸ್ವೆಟರ್ ಮಡಚಿಟ್ಟುಕೊಂಡು ತೂಕಡಿಸುತ್ತಿದ್ದ. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದ:

"ಕೊಳದ ಅಂಚಲ್ಲಿ ಬಿಳಿ ಬಟ್ಟೆ ಹಾಕ್ಕೊಂಡು ನಿಂತಿರ್ತಾರಲ್ಲ, ಅವ್ರಿಗೇನು ಕೆಲಸ?"

"ಈಜೋರ ತಪ್ಪು ಹಿಡಿಯೋದು."

ಅರ್ವಿಡ್‌ನ ಮುಖ ಅರಳಿದ್ದು ಕಂಡಾಗಲೇ ಗುನ್ವೋರ್‌ಗೆ ಅನಿಸಿತ್ತು, ಸುಮ್ಮನಿರಬೇಕಿತ್ತು ಎಂದು. ಆ ಚಳಿಗಾಲದಲ್ಲಿಯೇ ಅವನು ತರಬೇತಿ ಮುಗಿಸಿ, ಬಿಳಿ ಪ್ಯಾಂಟು ಹೊಲಿಸಿಕೊಂಡು, ಈಜುವವರು ಗೋಡೆ ಮುಟ್ಟಿ ತಿರುಗುವುದನ್ನು ನೋಡುವ ತೀರ್ಪುಗಾರನಾಗಿಬಿಟ್ಟ.

ಈ ವರ್ಷದ ರಾಷ್ಟ್ರೀಯ ಸ್ಪರ್ಧೆ ಅವರ ಊರಿನಲ್ಲೇ ನಡೆಯಿತು. ಶನಿವಾರ ಗುನ್ವೋರಳ ನೂರು ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಕಪ್ಪೆಯಂತೆ ಕೈಕಾಲು ಬಿಡಿಸುವ ಈಜು ಅದು. ಇಪ್ಪತ್ತೈದು ಮೀಟರಿನ ಕೊಳವಾದ್ದರಿಂದ ಮೂರು ತಿರುವು, ಪ್ರತಿ ತಿರುವಿನಲ್ಲೂ ಎರಡೂ ಕೈ ಒಟ್ಟಿಗೆ ಗೋಡೆಗೆ ತಾಗಬೇಕು. ಆಚೆ ತುದಿಯಲ್ಲಿ ಅವಳ ಲೇನಿನ ಮೇಲೆಯೇ ಅರ್ವಿಡ್ ನಿಂತಿದ್ದ. ಇಂಥ ಕೂಟಗಳಿಗೆ ತೀರ್ಪುಗಾರರು ಸಿಗುವುದೇ ಕಷ್ಟ, ಯಾರ ಗಂಡ ಯಾರ ಹೆಂಡತಿ ಎಂದು ನೋಡುತ್ತ ಕೂತರೆ ಆಗುವುದಿಲ್ಲ.

ಚಳಿಗಾಲ ಶುರುವಾದಾಗಿನಿಂದ ಅವಳ ಎಡಭುಜ ಹಿಡಿದುಕೊಂಡಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅರ್ವಿಡ್ ಕೊಳಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ಆದರೆ ಅಂದು ನೀರು ಅವಳನ್ನು ಎತ್ತಿ ಎತ್ತಿ ಮುಂದಕ್ಕೆ ಬಿಡುತ್ತಿತ್ತು. ಕೊನೆಯ ತಿರುವು ಮುಗಿಸಿ, ಏದುಸಿರು ಬಿಡುತ್ತ ಬಂದು ಗೋಡೆ ಮುಟ್ಟಿ ತಲೆ ಎತ್ತಿದರೆ ಫಲಕದಲ್ಲಿ ಅವಳ ಹೆಸರು ಮೂರನೆಯದು! ಇಷ್ಟು ವರ್ಷದಲ್ಲಿ ಪದಕದ ಹತ್ತಿರಕ್ಕೂ ಸುಳಿಯದವಳು ಮಗುವಿನಂತೆ ನೀರಿಗೆ ಬಡಿದಳು. ಪಕ್ಕದ ಲೇನಿನಿಂದ ಮಾಲ್ಮೋ ಊರಿನ ಸಿಗ್ನೆ ಕೈ ಚಾಚಿ ಅವಳ ಕೈ ಕುಲುಕಿದಳು. ನಾಲ್ಕನೆಯವಳಾಗಿ ಬಂದಿದ್ದವಳು ಅವಳೇ.

ಆಗ ಧ್ವನಿವರ್ಧಕ ಗೊರಗೊರ ಎಂದಿತು. ಗುನ್ವೋರ್ ಅನರ್ಹ. ಮೂರನೇ ತಿರುವಿನಲ್ಲಿ ಒಂದೇ ಕೈಯ ಸ್ಪರ್ಶ.

ಆಚೆ ತುದಿಯಲ್ಲಿ ಅರ್ವಿಡ್ ತಪ್ಪು ಕಂಡೆನೆಂದು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಸೌನಾ ಎಂಬ ಹಬೆಕೋಣೆಯ ಬಿಸಿಯಲ್ಲಿ ಹೆಂಗಸರೆಲ್ಲ ಅವನ ಮೇಲೆ ಮುಗಿಬಿದ್ದರು. ಗುನ್ವೋರಳ ಕ್ಲಬ್ಬಿನ ಗೆಳತಿ ಮೈಬ್ರಿಟ್‌ಳ ದನಿ ಎಲ್ಲರಿಗಿಂತ ಜೋರು.

"ಇವತ್ತು ಊಟ ಹಾಕ್ಬೇಡ ಕಣೇ ಆ ಪೊಲೀಸಪ್ಪನಿಗೆ! ಹೊರಗಡೆ ಕಾರಲ್ಲೇ ಮಲಗ್ಲಿ!"

"ಹೆಂಡ್ತಿ ಅಂತ ಒಂಚೂರು ಕಣ್ಣು ಮುಚ್ಚೋಕೆ ಆಗ್ತಿರ್ಲಿಲ್ವಾ?" ಎಂದಳು ಸಿಗ್ನೆ. "ಆ ಪದಕ ನಂಗೆ ಬೇಡ ಗುನ್ವೋರ್. ನೀನೇ ಇಟ್ಕೋ."

"ನೀನು ಈಜಿ ತಗೊಂಡಿದ್ದು, ನೀನೇ ಇಟ್ಕೋ," ಎಂದಳು ಗುನ್ವೋರ್.

"ನಾಚಿಕೆ ಅನ್ನೋದು ಇಲ್ಲ ಆ ಮನುಷ್ಯನಿಗೆ," ಎಂದು ಮೈಬ್ರಿಟ್ ಬಿಸಿಗಲ್ಲುಗಳ ಮೇಲೆ ನೀರು ಸುರಿದಳು. "ಮರದ ಕೊರಡು!"

ಅಲ್ಲಿಯವರೆಗೆ ಗುನ್ವೋರಳಿಗೂ ಸಿಟ್ಟು ಉಕ್ಕುತ್ತಿತ್ತು. ಮನೆಗೆ ಹೋಗಿ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಟ್ಟಿದ್ದಳು. ಆದರೆ ಕೊರಡು ಎಂಬ ಮಾತು ಕೇಳಿದ್ದೇ ತಡ ಟವೆಲು ಬಿಗಿದುಕೊಂಡು ಎದ್ದಳು.

"ಸಾಕು ಬಾಯಿ ಮುಚ್ಚೇ. ನನ್ನ ಗಂಡನ್ನ ಬೈಯೋಕೆ ನಾನಿದ್ದೀನಿ. ನಿನ್ನ ಸಹಾಯ ಬೇಕಾಗಿಲ್ಲ."

ಮೈಬ್ರಿಟ್ ನೀರಿನ ಸೌಟನ್ನು ಬಕೆಟ್ಟಿಗೆ ಹಾಕಿ ಸರಿದು ಕೂತಳು. ಸಿಗ್ನೆ ಕಿಸಕ್ಕನೆ ನಕ್ಕಳು.

ಅರ್ವಿಡ್ ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದ. ಮಧ್ಯಾಹ್ನದ ವಿರಾಮದಲ್ಲಿ ತಿನ್ನಲಿ ಎಂದು ಅವಳೇ ಕಟ್ಟಿಕೊಟ್ಟಿದ್ದ ದಾಲ್ಚಿನ್ನಿ ಬನ್ನು ಪೊಟ್ಟಣದಲ್ಲಿ ಹಾಗೇ ಇತ್ತು. ಅವಳನ್ನು ಕಂಡವನೇ ಎದ್ದು ನಿಂತ. ಪಾಪ, ಬೈಸಿಕೊಳ್ಳುವುದಕ್ಕೂ ನೆಟ್ಟಗೆ ನಿಂತ.

"ಭುಜ ಯಾವಾಗಿಂದ ನೋಯ್ತಿದೆ?" ಎಂದ.

ಅವಳ ಬಲಗೈ ತಾನಾಗಿ ಎಡಭುಜಕ್ಕೆ ಹೋಯಿತು. "ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಮೊದಲನೇ ತಿರುವಲ್ಲೇ ಎಡಗೈ ಕಷ್ಟಪಟ್ಟು ಬಂತು. ಮೂರನೇದ್ರಲ್ಲಿ ಬರಲೇ ಇಲ್ಲ. ಅಡುಗೆಮನೇಲಿ ಮೇಲಿನ ಕಪಾಟಿಂದ ಕಪ್ಪು ಇಳಿಸೋಕೂ ಬಲಗೈನೇ ಎತ್ತುತ್ತಿದ್ದೆ. ನಾನು ದಡ್ಡ, ಆಗ್ಲೇ ಕೇಳ್ಬೇಕಿತ್ತು."

ಗುನ್ವೋರ್ ಬೆಂಚಿನ ಮೇಲೆ ಕೂತಳು. ಕೂದಲಿಂದ ನೀರು ಕೊರಳಿಗೆ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳುತ್ತ ಕೇಳಿದಳು:

"ನಾನು ಅದೇ ಲೇನಲ್ಲಿ ಈಜ್ತೀನಿ ಅಂತ ನಿಂಗೆ ಬೆಳಗ್ಗೆಯೇ ಗೊತ್ತಿತ್ತು. ಬೇರೆ ಲೇನ್ ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರು. ಬದಲಾಯಿಸ್ಬೇಕಾ ಅಂತ ಸ್ಪರ್ಧೆ ನಡೆಸೋರೇ ಕೇಳಿದ್ರು."

"ಮತ್ತೆ?"

ಅರ್ವಿಡ್‌ನ ಕಿವಿ ಕೆಂಪಗಾಯಿತು. "ಗ್ಯಾಲರಿಯಿಂದ ನೀನು ಬರೀ ಒಂದು ಟೋಪಿ ಕಣೆ. ಕೊಳದ ಅಂಚಿಂದಾದ್ರೆ ಮುಖ ಕಾಣ್ಸುತ್ತೆ. ಹತ್ತಿರದಿಂದ ನೋಡೋಣ ಅಂತ ಬದಲಾವಣೆ ಬೇಡ ಅಂದೆ." ಆಮೇಲೆ ಬನ್ನಿನ ಪೊಟ್ಟಣ ನೋಡುತ್ತ, "ಕೈ ಎತ್ತೋಕೆ ಮನಸ್ಸೇ ಬರ್ಲಿಲ್ಲ. ಆದ್ರೆ ಸಿಗ್ನೆ ಎರಡು ಕೈಯಿಂದ ಮುಟ್ಟಿದ್ಲಲ್ಲ," ಎಂದ.

ಇವನ ಜತೆ ಜಗಳವಾಡುವುದು ಹೇಗೆ? ಅವಳು ಬನ್ನನ್ನು ಮುರಿದು ದೊಡ್ಡ ಚೂರು ಅವನ ಕೈಗಿಟ್ಟಳು.

"ತಿನ್ನು ಮೊದ್ಲು. ಬರೋ ವಾರ ಭುಜ ತೋರಿಸ್ಕೊಂಡು ಬರೋಣ. ಆದ್ರೆ ನಾಳೆ ಐವತ್ತು ಮೀಟರ್ ನಾನು ಈಜೋಳೇ. ಬೇಡ ಅನ್ನೋ ಹಾಗಿಲ್ಲ."

"ಬೇಡ ಅನ್ನಲ್ಲ," ಎಂದ ಅರ್ವಿಡ್ ಬಾಯಿ ತುಂಬ ಬನ್ನು ತುಂಬಿಕೊಂಡು. "ಎರಡು ಕೈ ಮುಟ್ಟಿಸು, ಅಷ್ಟೇ. ಬೇರೆ ಲೇನ್ ಕೇಳ್ಲಾ?"

"ಕೇಳಿದ್ರೆ ನೋಡು! ಅಲ್ಲೇ ನಿಂತ್ಕೋ."

ಭಾನುವಾರ ಬೆಳಗ್ಗೆ ಅವನೇ ಅವಳ ಭುಜಕ್ಕೆ ಮುಲಾಮು ತಿಕ್ಕಿದ. ಗುನ್ವೋರ್ ನೀರಿಗೆ ಹಾರಿದಳು. ಇದ್ದದ್ದು ಒಂದೇ ತಿರುವು, ಅದೂ ಅವನ ಕಾಲ ಬುಡದಲ್ಲಿ. ಗೋಡೆ ಹತ್ತಿರ ಬಂದಂತೆ ಹಲ್ಲು ಕಚ್ಚಿ ಎಡಗೈಯನ್ನು ಬಲಗೈಗೆ ಸರಿಸಮ ಚಾಚಿದಳು. ಎರಡೂ ಅಂಗೈ ಒಟ್ಟಿಗೆ ಗೋಡೆಗೆ ಬಡಿದವು. ನೋವು ಕುತ್ತಿಗೆಯವರೆಗೆ ಹರಿಯಿತು. ವಾಪಸು ಬರುವಾಗ ಎಡಗೈ ನೀರು ಸೀಳುವ ಬದಲು ನೀರಿನ ಮೇಲೆ ಜಾರುತ್ತಿತ್ತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಮುಂದೆ ಹೋಗುವುದು ಗೊತ್ತಾಯಿತು. ಹೋಗಲಿ ಎಂದುಕೊಂಡಳು.

ಕೊನೆ ಮುಟ್ಟಿದ ಮೇಲೆ ಅವಳು ಫಲಕದ ಕಡೆ ನೋಡಲಿಲ್ಲ. ಲೇನಿನ ಹಗ್ಗಕ್ಕೆ ಜೋತುಬಿದ್ದು ಕೊಳದ ಉದ್ದಕ್ಕೂ ಕಣ್ಣು ಹಾಯಿಸಿದಳು. ಆಚೆ ತುದಿಯಲ್ಲಿ ಅರ್ವಿಡ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಖದಲ್ಲಿ ಯಾವ ಭಾವವೂ ಇಲ್ಲದೆ, ನಿಯಮಕ್ಕೆ ತಕ್ಕಂತೆ ನಿಂತಿದ್ದ. ಅವನ ಬಿಳಿ ಪ್ಯಾಂಟು ಅವಳು ಎಬ್ಬಿಸಿದ ನೀರಿಗೆ ಮೊಣಕಾಲವರೆಗೆ ನೆನೆದಿತ್ತು.

"ಆರನೇ ಸ್ಥಾನ ಕಣೇ ನಿಂದು," ಎಂದು ಪಕ್ಕದಿಂದ ಸಿಗ್ನೆ ಏದುಸಿರಲ್ಲೇ ಹೇಳಿದಳು. "ಏನಂತಾನೆ ನಿನ್ನ ಪೊಲೀಸಪ್ಪ?"

"ಕೈ ಎತ್ಲಿಲ್ಲ ಕಣೇ," ಎಂದಳು ಗುನ್ವೋರ್. ಅವಳ ನಗು ನಿಲ್ಲುತ್ತಿರಲಿಲ್ಲ.