ಹಸುವಿನ ನೀರು ಅಳೆದ ದರ್ಜಿ

ನಮ್ಮ ಪಕ್ಕದ ಮನೆಯ ದರ್ಜಿಯಣ್ಣ ಬಟ್ಟೆ ಅಳೆದೂ ಅಳೆದೂ ಕೊನೆಗೆ ಹಸು ಕುಡಿಯುವ ನೀರನ್ನೂ ಅಳೆಯತೊಡಗಿದ. ಆದದ್ದು ಇಷ್ಟೇ. ಹಾಲು ತೆಳುವಾಗಿದೆ ಎಂದು ಡೈರಿಯವರು ಎರಡು ಸಲ ಕ್ಯಾನು ವಾಪಸು ಕಳಿಸಿದ್ದರು. ಹಸು ಕುಡಿದ ನೀರೇ ಹಾಲಿಗೆ ಸೇರುತ್ತಿದೆ ಎಂದು ಇವನು ತಲೆ ಓಡಿಸಿದ. ಅಂದಿನಿಂದ ಅದಕ್ಕೆ ಬೆಳಿಗ್ಗೆ ಒಂದು ಬಕೆಟ್, ಸಂಜೆ ಒಂದು ಬಕೆಟ್.

ಹಾಲು ಗಟ್ಟಿಯಾಗಲಿಲ್ಲ. ಎಂಟು ಲೀಟರ್ ಕೊಡುತ್ತಿದ್ದ ಹಸು ನಾಲ್ಕಕ್ಕೆ ಇಳಿಯಿತು.

"ಶನಿವಾರ ಮಾರಿಬಿಡ್ತೀನಿ," ಎಂದ.

ಅವನ ಹೆಂಡತಿಗೆ ಎದೆ ಒಡೆದಂತಾಯಿತು. ಕರುವಾಗಿದ್ದಾಗಿನಿಂದ ಅದನ್ನು ಸಾಕಿದವಳು ಅವಳು. ಅಳುತ್ತಲೇ ಹೋಗಿ ದನದ ಡಾಕ್ಟರಮ್ಮನನ್ನು ಕರೆತಂದಳು.

ಡಾಕ್ಟರಮ್ಮ ಹಸುವಿನ ಕತ್ತಿನ ಚರ್ಮ ಚಿವುಟಿ ಬಿಟ್ಟರು. ಎದ್ದ ಚರ್ಮ ಬೇಗ ಮೊದಲಿನಂತೆ ಕೂರಲಿಲ್ಲ.

"ಇದಕ್ಕೆ ಬಾಯಾರಿಕೆ ಅಣ್ಣ. ಒಂದು ಲೀಟರ್ ಹಾಲಿಗೆ ನಾಲ್ಕೈದು ಲೀಟರ್ ನೀರು ಬೇಕು. ಕುಡಿದಿದ್ದು ಸೀದಾ ಕೆಚ್ಚಲಿಗೆ ಇಳಿಯಲ್ಲ."

"ಹಂಗಾದ್ರೆ ಹಾಲು ಯಾಕೆ ತೆಳು?"

"ಮೇವು ಏನು ಹಾಕ್ತೀರಿ?"

"ಬರೀ ಎಳೇ ಹಸಿರು ಹುಲ್ಲು. ಒಣಹುಲ್ಲು ಹಾಕಿ ನಾಲ್ಕು ಜನರ ಮುಂದೆ ಮಾನ ಕಳ್ಕೊಳ್ಳಲಾ?"

"ಎಡವಟ್ಟು ಅಲ್ಲೇ ಇದೆ. ಹಸಿರಿನ ಜೊತೆ ಒಣಹುಲ್ಲೂ ಕತ್ತರಿಸಿ ಬೆರೆಸಿ. ನಾರು ಇದ್ರೇನೇ ಹಾಲಲ್ಲಿ ಕೊಬ್ಬು ಬರೋದು."

ದರ್ಜಿಯಣ್ಣ ನೀರಿಗೂ ಒಪ್ಪಲಿಲ್ಲ, ಒಣಹುಲ್ಲಿಗೂ ಒಪ್ಪಲಿಲ್ಲ. ಅಂಥ ಮೊಂಡನನ್ನು ನಾನಂತೂ ಕಂಡಿಲ್ಲ. ಹೆಂಡತಿ ವಾದಕ್ಕೆ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಅವನ ತಟ್ಟೆಯ ಪಕ್ಕ ಅರ್ಧ ಲೋಟ ನೀರಿಟ್ಟಳು.

"ಇದೇನೇ ಇಷ್ಟು?"

"ಸಂಜೆಗೆ ಇನ್ನರ್ಧ ಇದೆ. ಜಾಸ್ತಿ ಕುಡಿದ್ರೆ ನಿಮ್ಮ ಹೊಲಿಗೆ ಸಡಿಲ ಆಗುತ್ತೆ."

ಕೊಡದ ಪಕ್ಕ ಅವಳೇ ಕಾವಲು ಕೂತಳು. ಮಧ್ಯಾಹ್ನ ಅವನು ನಮ್ಮ ಮನೆಗೆ ನೀರು ಕೇಳಲು ಬಂದ. ಅವಳು ನನಗೆ ಮೊದಲೇ ಹೇಳಿಟ್ಟಿದ್ದಳು. "ನಮ್ಮಲ್ಲೂ ಈಗ ಅಳತೆ ಕಣಣ್ಣ," ಎಂದೆ. ಪಾಪ ಅನ್ನಿಸಿತು, ನಗುವೂ ಬಂತು.

ಮೂರು ಗಂಟೆಗೆ ಸೂಜಿಗೆ ದಾರ ಪೋಣಿಸಲು ಕೂತ. ದಾರದ ತುದಿ ಒದ್ದೆ ಮಾಡೋಣವೆಂದರೆ ಬಾಯಲ್ಲಿ ಎಂಜಲೇ ಇಲ್ಲ. ಸೂಜಿ ಬಿಸಾಕಿ ಎದ್ದವನು ಸೀದಾ ಕೊಟ್ಟಿಗೆಗೆ ಹೋಗಿ ತೊಟ್ಟಿಯ ತುಂಬ ನೀರು ಸುರಿದ. ಹಸು ತಲೆಯೆತ್ತದೆ ಕುಡಿಯಿತು. ನೋಡುತ್ತಾ ನಿಂತವನ ಕಣ್ಣು ತುಂಬಿತು.

"ತಪ್ಪಾಯ್ತು ಕಣೇ," ಎಂದು ಹಸುವಿನ ಬೆನ್ನು ಸವರಿದ. ಹೆಂಡತಿ ಆಗ ಅವನ ಕೈಗೂ ಒಂದು ತಂಬಿಗೆ ಕೊಟ್ಟಳು.

ಶನಿವಾರ ಹಸು ಕೊಳ್ಳಲು ಬಂದ ದಲ್ಲಾಳಿಯನ್ನು ಬಾಗಿಲಿಂದಲೇ ಕಳಿಸಿದರು. ಮೇವಿಗೆ ಒಣಹುಲ್ಲು ದಿನಕ್ಕಿಷ್ಟು ಎಂದು ಬೆರೆಯುತ್ತಾ ಬಂತು. ಮೂರು ವಾರಕ್ಕೆ ಹಾಲು ಏಳೂವರೆ ಲೀಟರ್ ಮುಟ್ಟಿತು, ಡೈರಿಯವರೂ ತಕರಾರಿಲ್ಲದೆ ಅಳೆದುಕೊಂಡರು.

ಓದುತ್ತಿರುವ ಅಕ್ಕ, ಅಣ್ಣ, ಹಸುವಿಗೆ ಬಾಯಾರಿದರೆ ಅದು ಬಾಯಿಬಿಟ್ಟು ಕೇಳುವುದಿಲ್ಲ. ಈಗಲೇ ಎದ್ದು ನಿಮ್ಮ ಕೊಟ್ಟಿಗೆಯ ತೊಟ್ಟಿ ನೋಡಿ. ತಳ ಕಾಣುತ್ತಿದ್ದರೆ ಈ ಕಾಗದ ಪಕ್ಕಕ್ಕಿಡಿ, ಮೊದಲು ನೀರು ತುಂಬಿಸಿ.