ಹದಿನೆಂಟು ತೂತಿನ ಆಯುಸ್ಸು

ಮೈದುನನ ವರ್ಕ್‌ಶಾಪಿನಲ್ಲಿ ಅತ್ತಿಗೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಸಿಎನ್‌ಸಿ ಲೇತ್ ನೋಡಿಕೊಳ್ಳಲು ಶುರುಮಾಡಿ ಒಂಬತ್ತು ವರ್ಷ. ಅಲ್ಲಿ ಎಲ್ಲರಿಗೂ ಅವಳು ಅತ್ತಿಗೆಯೇ, ಸರಕು ತರುವ ಲಾರಿ ಡ್ರೈವರಿಗೂ. ಪಾರ್ಶ್ವವಾಯು ಬಡಿದ ಅವಳ ಗಂಡನಿಗೆ ಮತ್ತೆ ನಡಿಗೆ ಕಲಿಸುವ ಕೇಂದ್ರ ಎರಡು ಬೀದಿ ಆಚೆಗಿತ್ತು. ಕೇಂದ್ರದವರು ಕೊಟ್ಟ ಹೊತ್ತು ದಿನಾ ಮಧ್ಯಾಹ್ನ ಎರಡೂವರೆಯಿಂದ ನಾಲ್ಕು.

ಅಂದರೆ ಆ ಒಂದೂವರೆ ಗಂಟೆ ಯಂತ್ರ ತಾನಾಗಿ ಓಡಬೇಕು. ಓಡಲಾರದ್ದೇನಲ್ಲ. ಉದ್ದದ ಸಲಾಕೆಯನ್ನು ತಾನೇ ಎಳೆದುಕೊಂಡು ಎರಡು ನಿಮಿಷಕ್ಕೊಂದರಂತೆ ನಡುವೆ ಒಂದೇ ತೂತಿರುವ ನಾಜಲ್ ಮಾಡಿ ಬುಟ್ಟಿಗೆ ಹಾಕುತ್ತದೆ. ಕಾಟ ಕೊಡುತ್ತಿದ್ದದ್ದು ಡ್ರಿಲ್. ಸ್ಟೇನ್‌ಲೆಸ್ ಸ್ಟೀಲ್ ಕೊರೆಯುವ ತೆಳ್ಳನೆಯ ಡ್ರಿಲ್ ಬೇಗ ಮೊಂಡಾಗುತ್ತದೆ, ಮೊಂಡಾದದ್ದು ಮುರಿಯುತ್ತದೆ. ಅದಕ್ಕೇ ಟೂಲುಗಳ ಚಕ್ರದಲ್ಲಿ ಮೂರನೇ ಮನೆಯಲ್ಲೊಂದು, ಒಂಬತ್ತನೇ ಮನೆಯಲ್ಲಿ ಅದರ ಜೋಡಿ. ಇಷ್ಟು ತೂತಾದ ಮೇಲೆ ಆ ಡ್ರಿಲ್ ಬಿಟ್ಟು ಈ ಡ್ರಿಲ್ ಹಿಡಿ ಎಂದರೆ ಯಂತ್ರ ಹಿಡಿಯುತ್ತದೆ. ಎಷ್ಟು ಎನ್ನುವುದನ್ನು ಮಾತ್ರ ಮನುಷ್ಯರು ಹೇಳಬೇಕು.

ಮೊದಲ ಪ್ರಯತ್ನ ಕೆಟ್ಟಿತ್ತು. ಅವಸರದಲ್ಲಿ ಅತ್ತಿಗೆ ಮೂರನೇ ಮನೆಗೆ ಹೊಸ ಡ್ರಿಲ್ ಹಾಕಿ, ಅದರ ಲೆಕ್ಕದ ಬದಲು ಒಂಬತ್ತನೆಯದರ ಲೆಕ್ಕವನ್ನು ಸೊನ್ನೆ ಮಾಡಿ ಹೋಗಿದ್ದಳು. ಹಳೆಯದನ್ನೇ ಹೊಸದೆಂದು ನಂಬಿದ ಯಂತ್ರ ಅದನ್ನು ಮುರಿಯುವ ತನಕ ದುಡಿಸಿತು.

"ತಲೆ ಎಲ್ಲಿತ್ತು ಅತ್ತಿಗೆ?" ಎಂದಿದ್ದ ಮೈದುನ.

"ನಿಮ್ಮಣ್ಣನ ಕಾಲಲ್ಲಿ."

"ಇನ್ನೊಂದ್ಸಲ ನೋಡೋಣ. ಮತ್ತೆ ಮುರಿದ್ರೆ ವಾರಕ್ಕೊಂದೇ ದಿನ ಕರ್ಕೊಂಡ್ ಹೋಗಿ. ಆ ಹೊತ್ತಲ್ಲಿ ನಂಗೆ ಡೆಲಿವರಿ, ಎರಡು ಕಡೆ ನಿಲ್ಲಕ್ಕಾಗಲ್ಲ."

ವಾರಕ್ಕೊಂದು ದಿನದಲ್ಲಿ ಕಾಲು ಕಲಿತದ್ದನ್ನೆಲ್ಲ ಮರೆಯುತ್ತದೆ ಎಂದು ಕೇಂದ್ರದವರು ಮೊದಲೇ ಹೇಳಿದ್ದರು.

ಆರು ದಿನ ಅತ್ತಿಗೆ ಒಂದೊಂದು ಡ್ರಿಲ್ಲನ್ನೂ ಕಿರುಗುಟ್ಟಲು ಶುರುಮಾಡುವವರೆಗೆ ಕಣ್ಣೆದುರೇ ಓಡಿಸಿದಳು. ಸವೆದದ್ದನ್ನು ಹಲಗೆಗೆ ಅಂಟಿಸಿ ಕೆಳಗೆ ಅದರ ತೂತಿನ ಸಂಖ್ಯೆ ಬರೆದಳು: ಮೂವತ್ತೊಂದು, ಇಪ್ಪತ್ತೇಳು, ಇಪ್ಪತ್ತೊಂಬತ್ತು, ಇಪ್ಪತ್ತಾರು. ತಲಾ ಇಪ್ಪತ್ತನಾಲ್ಕು ಎಂದು ಇಟ್ಟರೆ ಎರಡಕ್ಕೆ ನಲವತ್ತೆಂಟು. ಒಂದೂವರೆ ಗಂಟೆಗೆ ಬೇಕಾದ್ದು ನಲವತ್ತೈದು. ಲೆಕ್ಕ ಕೂಡಿಬಂತು ಎನ್ನುವಾಗ, ಎರಡನೇ ಪ್ರಯತ್ನದ ಬೆಳಿಗ್ಗೆಯೇ, ಹೊಸ ಡಬ್ಬಿಯ ಡ್ರಿಲ್ಲೊಂದು ಇಪ್ಪತ್ತಮೂರಕ್ಕೇ ಕೈಕೊಟ್ಟಿತು.

"ಅದೊಂದು ಕೆಟ್ಟದ್ದಿರ್ಬೇಕು. ಇಪ್ಪತ್ನಾಲ್ಕೇ ಇರ್ಲಿ" ಎಂದ ಮೈದುನ.

"ಅದೇ ಡಬ್ಬಿದು ಎರಡು ಒಳಗೆ ಕೂತಿವೆ ಕಣಪ್ಪ. ಅವೇನು ಬೇರೆ ತಾಯಿ ಮಕ್ಕಳಾ? ಹದಿನೆಂಟು ಇಡ್ತೀನಿ."

"ಮೂವತ್ತಾರಕ್ಕೇ ನಿಂತ್ಬಿಡುತ್ತಲ್ಲ!"

"ನಿಲ್ಲಲಿ. ನಿಂತದ್ದನ್ನ ಮತ್ತೆ ಓಡಿಸ್ಬಹುದು."

ಎರಡೂ ಮನೆಯ ಲೆಕ್ಕವನ್ನು ಬೆರಳಿಟ್ಟು ಎರಡೆರಡು ಸಲ ಓದಿ, ಹಸಿರು ಗುಂಡಿ ಒತ್ತಿ ಹೊರಟಳು.

ಕೇಂದ್ರದಲ್ಲಿ ಗಂಡ ಎರಡು ಕಂಬಿಗಳ ನಡುವೆ ಹೆಜ್ಜೆ ಎತ್ತುತ್ತಿದ್ದ. ಅವಳ ಕಣ್ಣು ಗೋಡೆ ಗಡಿಯಾರದಿಂದ ಇಳಿಯಲಿಲ್ಲ.

"ಆ ಗಡಿಯಾರ ನೋಡೋ ಹಾಗೆ ನನ್ನ ನೋಡಿದ್ರೆ ಇಷ್ಟೊತ್ತಿಗೆ ಓಡ್ತಿದ್ದೆ" ಎಂದ, ನಾಲಿಗೆ ಇನ್ನೂ ತುಸು ತೊದಲುತ್ತಿತ್ತು.

"ಮೊದ್ಲು ಆ ಎಡಗಾಲು ಎತ್ತಿ. ಓಟ ಆಮೇಲೆ."

ಆ ದಿನ ಕಂಬಿ ಬಿಟ್ಟು ಏಳು ಹೆಜ್ಜೆ ಹಾಕಿದ.

ಗಂಡನ ಗಾಲಿಕುರ್ಚಿ ತಳ್ಳಿಕೊಂಡು ಅವಳು ವರ್ಕ್‌ಶಾಪಿಗೆ ಮರಳಿದಾಗ ಒಳಗೆ ಸದ್ದಿರಲಿಲ್ಲ. ಮೈದುನ ಆಗಲೇ ಬಂದು, ಹಳದಿ ದೀಪ ಹೊತ್ತಿಸಿಕೊಂಡು ನಿಂತ ಯಂತ್ರದ ಮುಂದೆ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದ.

"ಮುರೀತಾ?"

"ಇಲ್ಲ. ಮೂವತ್ತಾರು. ಎಲ್ಲಾ ಅಳೆದೆ, ಒಂದೂ ತಪ್ಪಿಲ್ಲ."

ಅವಳು ಒಂಬತ್ತನೇ ಮನೆಯ ಡ್ರಿಲ್ ಬಿಚ್ಚಿ ಭೂತಗನ್ನಡಿ ಹಿಡಿದಳು. ಅಂಚಿನಲ್ಲಿ ಸಾಸಿವೆಯ ಚೂರಿನಷ್ಟು ಚಕ್ಕೆ ಎದ್ದಿತ್ತು. ಅವನೂ ನೋಡಿದ.

"ನನ್ನ ಮಾತು ಕೇಳಿ ಇಪ್ಪತ್ನಾಲ್ಕು ಇಟ್ಟಿದ್ರೆ ಮುರೀತಿತ್ತು ಅಂತೀರಾ?"

"ನಾನೇನೂ ಅಂದಿಲ್ಲಪ್ಪ."

ಅವನು ತಲೆ ಕೆರೆದುಕೊಂಡು ಚಕ್ರವನ್ನು ಮೆಲ್ಲಗೆ ತಿರುಗಿಸಿದ. ಹನ್ನೊಂದನೇ ಮನೆಯಲ್ಲಿ ಯಾವುದೋ ಹಳೇ ಕೆಲಸದ ಟೂಲ್ ತಿಂಗಳುಗಳಿಂದ ಸುಮ್ಮನೆ ಕೂತಿತ್ತು. ಸ್ಪ್ಯಾನರ್ ಎತ್ತಿಕೊಂಡ.

"ಇದನ್ನ ಎಬ್ಬಿಸಿ ಇಲ್ಲೊಂದು ಡ್ರಿಲ್ ಕೂರಿಸೋಣ. ಮೂರು ಹದಿನೆಂಟ್ಲಿ ಐವತ್ನಾಲ್ಕು."

"ಹಾಗಾದ್ರೆ ನಾಳೆ ಹೋಗ್ಲಾ?"

"ನಾಳೆ, ನಾಡಿದ್ದು, ದಿನಾ ಹೋಗಿ. ಈಗ ಉಳಿದ ಒಂಬತ್ತು ಮಾಡ್ಕೊಳ್ಳಿ, ಅಣ್ಣನ್ನ ನಾನು ಮನೆಗೆ ಬಿಟ್ಟು ಬರ್ತೀನಿ."

ಅವಳು ಹೊಸ ಡ್ರಿಲ್ಲನ್ನು ಬಿಗಿ ಮಾಡುತ್ತಿರುವಾಗ ಹೊರಗಿನಿಂದ ಗಂಡನ ದನಿ ಕೇಳಿಸಿತು.

"ನಿಧಾನಕ್ಕೆ ತಳ್ಳೋ, ಇದು ನಿನ್ನ ಡೆಲಿವರಿ ವ್ಯಾನಲ್ಲ!"